ಬೆಳಗಿನ ಐದು ಸೆಕೆಂಡಿನ ಸದ್ದು: ಒಂದು ಕಾರಿನ ಪ್ರಕರಣ

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಒಂದು ಲಿಫ್ಟ್, ನಾನು, ಐಟಿಐ ಮುಗಿಸಿ ಬಂದ ಇಬ್ಬರು ಹುಡುಗರು. ಇಲ್ಲಿ ಬರೆಯುತ್ತಿರುವುದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸದ್ದು ಮಾಡುತ್ತಿದ್ದ ಒಂದೇ ಕಾರಿನ ವಿಷಯ. ಮಾಲೀಕರ ಹೆಸರು, ಅವರ ಊರು, ಕಾರಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಅವರು ಶಾಲೆಯಲ್ಲಿ ಪಾಠ ಮಾಡುವವರು, ಹಾಗಾಗಿ ಟೀಚರ್ ಅಂತಲೇ ಕರೆಯುತ್ತೇನೆ. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಒಂದು ಕಡೆ ನನ್ನ ಯೋಚನೆ ಸರಿಯಾಗಿತ್ತು, ಇನ್ನೊಂದು ಕಡೆ ಎಡವಿದೆ. ಎರಡನ್ನೂ ಬರೆದಿಟ್ಟರೆ ಬೇರೆ ಮೆಕ್ಯಾನಿಕ್‌ಗಳಿಗೂ, ಹಳೇ ಕಾರು ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತೆ.

ಗಾಡಿ, ಮತ್ತು ಅದು ಓಡುತ್ತಿದ್ದ ರೀತಿ

2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ದಂಡ ಕ್ಯಾಮ್. ಎರಡನ್ನೂ ತಾಳ ತಪ್ಪದೆ ತಿರುಗಿಸಲು ಒಳಗೆ ಇರುವುದು ಟೈಮಿಂಗ್ ಬೆಲ್ಟ್ ಅಲ್ಲ, ಚೈನ್. ಟೀಚರ್ ಅದನ್ನು 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ನಮ್ಮ ಹತ್ತಿರ ಬಂದಾಗ 92,000 ಕಿ.ಮೀ. ಓಡಿತ್ತು. ಆ ವಯಸ್ಸಿನ ಗಾಡಿಗೆ ಅದೇನೂ ಜಾಸ್ತಿ ಅಲ್ಲ.

ಆದರೆ ಅದು ಹೇಗೆ ಓಡುತ್ತಿತ್ತು ಅನ್ನುವುದು ಮುಖ್ಯ. ಅವರ ಮನೆ ಸಕಲೇಶಪುರದ ಕಡೆ, ಮಲೆನಾಡಿನ ಒಂದು ಹೋಬಳಿಯಲ್ಲಿ. ಮನೆಯಿಂದ ಶಾಲೆಗೆ 4 ಕಿ.ಮೀ. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಶಾಲೆ ಬಂದಿರುತ್ತೆ. ಹೀಗೆ ಓಡುವ ಎಂಜಿನ್‌ನಲ್ಲಿ ಆವಿಯಾಗಿ ಹೋಗಬೇಕಾದ ನೀರು ಮತ್ತು ಪೆಟ್ರೋಲ್ ಆಯಿಲ್‌ನಲ್ಲೇ ಉಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಬೇರೆ.

ಇನ್ನೊಂದು ವಿಷಯ ಆಮೇಲೆ ಮಾತಿನ ಮಧ್ಯೆ ಗೊತ್ತಾಯಿತು. ಅವರು ಆಯಿಲ್ ಬದಲಾಯಿಸುತ್ತಿದ್ದದ್ದು ಬರೀ ಕಿಲೋಮೀಟರ್ ಲೆಕ್ಕದಲ್ಲಿ. ಗಾಡಿಯ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿತ್ತು. ಅವರು ಮೊದಲ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದರು. ಒಂದು ಸಲವಂತೂ ಹಾಕಿದ ಆಯಿಲ್ ಎರಡೂವರೆ ವರ್ಷ ಹಾಗೇ ಇತ್ತು. ಇದರಲ್ಲಿ ಅವರ ತಪ್ಪು ನನಗೇನೂ ಕಾಣಲಿಲ್ಲ. ನಾವು ಗ್ಯಾರೇಜಿನವರೇ ಗಾಜಿನ ಮೇಲೆ ಅಂಟಿಸುವ ಚೀಟಿಯಲ್ಲಿ ಮುಂದಿನ ಕಿಲೋಮೀಟರ್ ಮಾತ್ರ ಬರೆಯುತ್ತಿದ್ದೆವು, ತಾರೀಖು ಬರೆಯುತ್ತಿರಲಿಲ್ಲ.

ಸದ್ದು

2023ರ ಡಿಸೆಂಬರ್‌ನಲ್ಲಿ ಅವರು ಫೋನ್ ಮಾಡಿದರು. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಡಬ್ಬಿಗೆ ಹುಣಸೆ ಬೀಜ ಹಾಕಿ ಕುಲುಕಿದ ಹಾಗೆ ಸದ್ದು ಬರುತ್ತೆ. ಆಮೇಲೆ ತಾನಾಗಿ ನಿಂತುಹೋಗುತ್ತೆ. ಸಂಜೆ ಬರುವಾಗ ಏನೂ ಇಲ್ಲ" ಅಂದರು. ಇಷ್ಟು ಚೆನ್ನಾಗಿ ಹೇಳುವ ಗಿರಾಕಿ ಸಿಗುವುದು ಅಪರೂಪ. ಯಾವಾಗ ಬರುತ್ತೆ, ಯಾವಾಗ ಬರುವುದಿಲ್ಲ, ಹೇಗೆ ಹೋಗುತ್ತೆ, ಮೂರೂ ಆ ಮಾತಿನಲ್ಲೇ ಇತ್ತು.

ನಮ್ಮ ಹತ್ತಿರ ಬರುವ ಮುಂಚೆ ಮೂರು ಕಡೆ ತೋರಿಸಿದ್ದರು. ಮೊದಲನೆಯವರು "ಹಳೇ ಗಾಡಿ, ದಪ್ಪ ಆಯಿಲ್ ಹಾಕಿದರೆ ಸದ್ದು ಮುಚ್ಚಿಹೋಗುತ್ತೆ" ಅಂತ ಹೇಳಿ 20ಡಬ್ಲ್ಯೂ-50 ತುಂಬಿಸಿದ್ದರು. ಜೊತೆಗೆ ಕಡಿಮೆ ಬೆಲೆಯ ಒಂದು ಫಿಲ್ಟರ್. ಎರಡು ಸೆಕೆಂಡ್ ಇದ್ದ ಸದ್ದು ಐದು ಸೆಕೆಂಡ್ ಆಯಿತು. ಎರಡನೆಯವರು ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡು ಅಲುಗಾಡುತ್ತಿದೆ ಅಂತ ಬಿಗಿ ಮಾಡಿದರು, ಸದ್ದು ಹಾಗೇ ಇತ್ತು. ಮೂರನೆಯವರು "ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು, 55,000 ಆಗುತ್ತೆ" ಅಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಅಷ್ಟೊತ್ತಿಗೆ ಗಾಡಿ ಮಾರಿಬಿಡೋಣ ಅನ್ನುವ ಮಟ್ಟಕ್ಕೆ ಟೀಚರ್ ಬಂದಿದ್ದರು.

ರಾತ್ರಿಗೆ ಒಂದೇ ಅವಕಾಶ

ಅವರು ಗಾಡಿ ತಂದದ್ದು ಬೆಳಿಗ್ಗೆ 11 ಗಂಟೆಗೆ. 50 ಕಿ.ಮೀ. ಓಡಿಸಿಕೊಂಡು ಬಂದಿದ್ದರಿಂದ ಎಂಜಿನ್ ಬಿಸಿ ಇತ್ತು, ಒಂದು ಚೂರೂ ಸದ್ದಿಲ್ಲ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಇಲ್ಲ. ಹಿಂದಿನ ಮೂರು ಗ್ಯಾರೇಜಿನಲ್ಲೂ ಹೀಗೇ ಆಗಿತ್ತು. ಸದ್ದನ್ನು ಕಿವಿಯಾರೆ ಕೇಳದೆ ಮೂರು ಜನ ಮೂರು ಔಷಧಿ ಕೊಟ್ಟಿದ್ದರು.

ನಾನು ಗಾಡಿ ಬಿಟ್ಟುಹೋಗಿ ಅಂದೆ. ಶಾಲೆಗೆ ಕ್ರಿಸ್ಮಸ್ ರಜೆ ಹತ್ತಿರ ಇತ್ತು, ಒಪ್ಪಿಕೊಂಡು ಬಸ್ಸಿನಲ್ಲಿ ಹೋದರು. ಈ ಜಾತಿಯ ಸದ್ದಿನ ಕಷ್ಟ ಏನಂದರೆ, ಅದು ರಾತ್ರಿಗೆ ಒಂದೇ ಸಲ ಸಿಗುತ್ತೆ. ಎಂಜಿನ್ ರಾತ್ರಿಯಿಡೀ ಸುಮ್ಮನೆ ನಿಂತಿರಬೇಕು, ಆಯಿಲ್ ಎಲ್ಲ ಕೆಳಗೆ ಇಳಿದಿರಬೇಕು, ಆಗ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಕೇಳಿಸುತ್ತೆ. ಆ ಐದು ಸೆಕೆಂಡ್ ಹಾಳು ಮಾಡಿಕೊಂಡರೆ ಮತ್ತೆ ಮಾರನೇ ದಿನವೇ. ಹಾಗಾಗಿ ಪ್ರತಿ ಬೆಳಿಗ್ಗೆ ಏನು ನೋಡಬೇಕು ಅನ್ನುವುದನ್ನು ಹಿಂದಿನ ಸಂಜೆಯೇ ಬರೆದಿಟ್ಟುಕೊಂಡೆವು.

ಆ ಸಂಜೆ ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಒತ್ತಡದ ಸ್ವಿಚ್ ತೆಗೆದು ಅದರ ಜಾಗದಲ್ಲಿ ಪ್ರೆಷರ್ ಗೇಜ್ ಕೂರಿಸಿದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಒತ್ತಡ 1.8 ಬಾರ್ ತೋರಿಸಿತು. ನೋಡಲು ಒಳ್ಳೇ ಅಂಕಿ. ಆದರೆ ಒಳಗಿರುವುದು ದಪ್ಪ ಆಯಿಲ್. ದಪ್ಪ ಆಯಿಲ್ ಇದ್ದರೆ ಸವೆದ ಬೇರಿಂಗ್ ಇದ್ದರೂ ಗೇಜ್ ಒತ್ತಡ ಜಾಸ್ತಿ ತೋರಿಸುತ್ತೆ. ಅದನ್ನು ಬರೆದುಕೊಂಡೆ, ನಂಬಲಿಲ್ಲ. ಸ್ವಿಚ್ ವಾಪಸ್ ಹಾಕಿದೆವು.

ಮಾರನೇ ದಿನ ಬೆಳಿಗ್ಗೆ ಆರೂವರೆ. ಗೋಡೆಯ ಥರ್ಮಾಮೀಟರ್‌ನಲ್ಲಿ 15 ಡಿಗ್ರಿ. ದೊಡ್ಡ ಹುಡುಗ ಕೀ ಹತ್ತಿರ ಕೂತ. ಚಿಕ್ಕವನು ಫೋನ್ ಹಿಡಿದು ಡ್ಯಾಶ್‌ಬೋರ್ಡ್ ವಿಡಿಯೋ ಮಾಡುತ್ತಿದ್ದ. ನಾನು ಉದ್ದನೆಯ ಸ್ಕ್ರೂ ಡ್ರೈವರ್ ತಗೊಂಡು, ಅದರ ತುದಿ ಟೈಮಿಂಗ್ ಕವರ್ ಮೇಲೆ, ಹಿಡಿ ಕಿವಿಗೆ ಇಟ್ಟು ನಿಂತೆ. ಸ್ಟಾರ್ಟ್. ಕರಕರಕರ ಅಂತ ಕಿವಿಯೊಳಗೇ ಬಡಿದ ಹಾಗೆ ಆಯಿತು. ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಇರುವ ಕಡೆಯ ಕವರ್ ಒಳಗೆ, ಸ್ವಲ್ಪ ಮೇಲುಭಾಗದಲ್ಲಿ. ಐದು ಎಣಿಸುವಷ್ಟರಲ್ಲಿ ಪೂರ್ತಿ ನಿಂತಿತು.

ನನಗೆ ಸದ್ದಿನ ಜಾಗ ಸಿಕ್ಕಿತ್ತು. ಆದರೆ ಈ ಪ್ರಕರಣದ ಮೊದಲ ತಿರುವು ಸಿಕ್ಕಿದ್ದು ಚಿಕ್ಕ ಹುಡುಗನಿಗೆ. ಟೀ ಕುಡಿಯುತ್ತಾ ವಿಡಿಯೋ ಮತ್ತೆ ಮತ್ತೆ ನೋಡುತ್ತಿದ್ದವನು "ಅಣ್ಣ, ಕೆಂಪು ದೀಪ ಆರಿದ ತಕ್ಷಣ ಸದ್ದೂ ನಿಲ್ಲುತ್ತೆ ನೋಡಿ" ಅಂದ. ಹೌದು. ಆಯಿಲ್ ಪ್ರೆಷರ್‌ನ ಕೆಂಪು ದೀಪ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಉರಿಯುತ್ತಿತ್ತು. ಆರೋಗ್ಯವಾದ ಎಂಜಿನ್‌ನಲ್ಲಿ ಅದು ಒಂದೆರಡು ಸೆಕೆಂಡಿನಲ್ಲಿ ಆರಬೇಕು. ದೀಪ ಆರಿದ ಒಂದು ಸೆಕೆಂಡ್ ಒಳಗೆ ಸದ್ದು ಮಾಯ. ಅಂದರೆ ಆಯಿಲ್ ಎಲ್ಲಿಗೋ ತಡವಾಗಿ ತಲುಪುತ್ತಿದೆ, ತಲುಪಿದ ಕೂಡಲೇ ಸದ್ದು ಅಡಗುತ್ತಿದೆ.

ಟೈಮಿಂಗ್ ಚೈನ್ ಬಿಗಿಯಾಗಿ ಇಡಲು ಒಂದು ಟೆನ್ಷನರ್ ಇರುತ್ತೆ. ಅದರೊಳಗೆ ಒಂದು ಸ್ಪ್ರಿಂಗ್, ಅದರ ಜೊತೆಗೆ ಆಯಿಲ್ ಒತ್ತಡ. ಎಂಜಿನ್ ಓಡುವಾಗ ಆಯಿಲ್ ಒತ್ತಡವೇ ಮುಖ್ಯ ಬಲ. ರಾತ್ರಿ ನಿಂತಾಗ ಆ ಆಯಿಲ್ ಸೋರಿ ಇಳಿದರೆ, ಬೆಳಿಗ್ಗೆ ಸ್ಪ್ರಿಂಗ್ ಒಂದೇ ಚೈನ್ ಹಿಡಿದುಕೊಂಡಿರಬೇಕು. ಚೈನ್ ಸ್ವಲ್ಪ ಸಡಿಲ ಇದ್ದರೂ ಗೈಡ್‌ಗೆ, ಅಂದರೆ ಅದು ಜಾರಿಕೊಂಡು ಓಡುವ ಪಟ್ಟಿಗೆ, ಬಡಿಯುತ್ತೆ. ಸೈಕಲ್ ಚೈನ್ ಜೋತುಬಿದ್ದು ಕವರ್‌ಗೆ ಬಡಿಯುವುದನ್ನು ಕೇಳಿದವರಿಗೆ ಈ ಸದ್ದು ಬೇರೆ ಹೇಳಿಕೊಡಬೇಕಾಗಿಲ್ಲ.

ಊಹೆ ಸರಿ ಅಂತ ತೋರಿಸಲು ಎರಡನೇ ಬೆಳಿಗ್ಗೆ ಒಂದು ಪರೀಕ್ಷೆ ಮಾಡಿದೆವು. ನಾಲ್ಕೂ ಇಂಜೆಕ್ಟರ್‌ಗಳ ಸಾಕೆಟ್ ಹಿಂದಿನ ರಾತ್ರಿಯೇ ಬಿಚ್ಚಿಟ್ಟಿದ್ದೆವು. ಪೆಟ್ರೋಲ್ ಬೀಳುವುದಿಲ್ಲ, ಎಂಜಿನ್ ಹಿಡಿಯುವುದಿಲ್ಲ, ಬರೀ ಸ್ಟಾರ್ಟರ್ ಮೇಲೆ ನಿಧಾನಕ್ಕೆ ತಿರುಗುತ್ತೆ. ಸ್ವಲ್ಪ ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿ, ಕೆಂಪು ದೀಪ ಆರುವವರೆಗೆ ಹೀಗೆ ಮಾಡಿದೆವು. ಆಮೇಲೆ ಸಾಕೆಟ್ ಹಾಕಿ ಸ್ಟಾರ್ಟ್ ಮಾಡಿದರೆ ಸದ್ದು ಹೆಚ್ಚುಕಡಿಮೆ ಇಲ್ಲ. ಅದೇ ಚಳಿ, ಅದೇ ರಾತ್ರಿ ನಿಂತ ಗಾಡಿ, ಆಯಿಲ್ ಮಾತ್ರ ಮೊದಲೇ ಮೇಲೆ ಹೋಗಿತ್ತು. ಬೋರ್ ಹೋಗಿದ್ದರೆ ಹೀಗಾಗಲು ಸಾಧ್ಯವಿಲ್ಲ. ಪಿಸ್ಟನ್ ಸಡಿಲ ಆಗಿ ಬಡಿದರೆ ಆ ಸದ್ದು ಎಂಜಿನ್ ಬಿಸಿಯಾಗುವವರೆಗೆ, ಅಂದರೆ ಕೆಲವು ನಿಮಿಷ ಇರುತ್ತೆ. ಐದು ಸೆಕೆಂಡಿನಲ್ಲಿ ಪಿಸ್ಟನ್ ಹಿಗ್ಗುವುದಿಲ್ಲ ಅಲ್ವಾ.

ಆವತ್ತು ಮಧ್ಯಾಹ್ನ ಟೀಚರ್‌ಗೆ ಫೋನ್ ಮಾಡಿ "ಎಂಜಿನ್ ಬಿಚ್ಚುವ ಕೆಲಸ ಅಲ್ಲ ಇದು" ಅಂದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ.

ಫಿಲ್ಟರ್ ಒಳಗೆ

ಮೂರನೇ ಬೆಳಿಗ್ಗೆ ಸ್ಟಾರ್ಟ್ ಮಾಡಲಿಲ್ಲ. ರಾತ್ರಿ ನಿಂತ ಗಾಡಿಯ ಫಿಲ್ಟರ್ ಹಾಗೇ ಬಿಚ್ಚಿದೆ. ಈ ಎಂಜಿನ್‌ನಲ್ಲಿ ಫಿಲ್ಟರ್ ಅಡ್ಡಡ್ಡ ಇರುತ್ತೆ. ಬಿಚ್ಚುವಾಗ ಆಯಿಲ್ ಕೈಮೇಲೆ ಸುರಿಯಬೇಕು. ಸುರಿಯಲಿಲ್ಲ. ಒಳಗಿದ್ದದ್ದನ್ನು ಟೀ ಲೋಟಕ್ಕೆ ಬಗ್ಗಿಸಿದರೆ ಲೋಟದ ತಳ ಮಾತ್ರ ಮುಚ್ಚಿತು.

ಫಿಲ್ಟರ್‌ಗೆ ಆಯಿಲ್ ಹೋಗುವ ಸಣ್ಣ ತೂತುಗಳ ಒಳಬದಿಗೆ ಒಂದು ರಬ್ಬರ್ ಬಿಲ್ಲೆ ಇರುತ್ತೆ. ಆಯಿಲ್ ಒಳಗೆ ಬರಲು ಬಿಡುತ್ತೆ, ಎಂಜಿನ್ ನಿಂತಾಗ ವಾಪಸ್ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯಲು ಬಿಡುವುದಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಡಬ್ಬಿ ಕೊಯ್ದು ಆ ಬಿಲ್ಲೆ ಹೊರಗೆ ತೆಗೆದೆವು. ಕೈಯಲ್ಲಿ ಮಡಿಸಿದರೆ ಬಳುಕಬೇಕು. ಇದು ಬಿಸಿಲಿಗೆ ಬಿದ್ದ ವೀಳ್ಯದೆಲೆ ಹಾಗೆ ಗಟ್ಟಿಯಾಗಿ, ಅಂಚು ಮೇಲಕ್ಕೆ ಸುರುಳಿಕೊಂಡಿತ್ತು. ಪಕ್ಕದಲ್ಲಿ ಕಂಪನಿ ಫಿಲ್ಟರ್ ಒಂದನ್ನು ಕೊಯ್ದು ಇಟ್ಟೆ. ಅದರ ಬಿಲ್ಲೆ ಸಿಲಿಕೋನ್‌ನದು, ಮೆತ್ತಗೆ, ಬೆರಳಲ್ಲಿ ಒತ್ತಿದರೆ ತಗಡಿಗೆ ಅಂಟಿ ಕೂರುತ್ತಿತ್ತು. ಹುಡುಗರಿಬ್ಬರೂ ಇವೆರಡನ್ನೂ ಎಷ್ಟೋ ಹೊತ್ತು ಮುಟ್ಟಿ ನೋಡಿದರು. ಈಗಲೂ ಆ ಎರಡು ಬಿಲ್ಲೆ ನಮ್ಮ ಟೂಲ್ ಬೋರ್ಡಿನ ಮೊಳೆಗೆ ನೇತುಹಾಕಿವೆ.

ಇನ್ನು ಆಯಿಲ್. 20ಡಬ್ಲ್ಯೂ-50 ಕೆಟ್ಟ ಆಯಿಲ್ ಅಲ್ಲ, ಆದರೆ ಈ ಎಂಜಿನ್‌ಗೆ ಹೇಳಿದ್ದಲ್ಲ. ಪುಸ್ತಕದಲ್ಲಿ 5ಡಬ್ಲ್ಯೂ-30 ಅಂತ ಇತ್ತು. 40 ಡಿಗ್ರಿಯಲ್ಲಿ ಅಳೆದರೆ 20ಡಬ್ಲ್ಯೂ-50 ಹೆಚ್ಚುಕಡಿಮೆ ಎರಡೂವರೆ ಪಟ್ಟು ಗಟ್ಟಿ. 15 ಡಿಗ್ರಿಯ ಬೆಳಿಗ್ಗೆ ಆ ಅಂತರ ಇನ್ನೂ ದೊಡ್ಡದು. ಖಾಲಿಯಾದ ಫಿಲ್ಟರ್ ತುಂಬಿಸಿ, ಸಣ್ಣ ದಾರಿಗಳಲ್ಲಿ ನುಗ್ಗಿ, ಟೆನ್ಷನರ್ ತನಕ ಹೋಗಲು ಅದಕ್ಕೆ ಹೊತ್ತು ಬೇಕು. ಸದ್ದು ಮುಚ್ಚಲಿ ಅಂತ ಹಾಕಿದ ಆಯಿಲ್ಲೇ ಸದ್ದನ್ನು ಉದ್ದ ಮಾಡಿತ್ತು. ದಪ್ಪ ಆಯಿಲ್‌ನಿಂದ ಸದ್ದು ಕಡಿಮೆಯಾಗುವ ಎಂಜಿನ್‌ಗಳೂ ಇವೆ, ಬೇರಿಂಗ್ ಸವೆದು ಬಿಸಿಯಲ್ಲಿ ಒತ್ತಡ ಬೀಳುವಂಥವು. ಚಳಿಯಲ್ಲಿ ಬರುವ ಸದ್ದಿಗೆ ಅದನ್ನು ಕೊಟ್ಟರೆ ಉಲ್ಟಾ ಆಗುತ್ತೆ.

ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಗಸಿ ಮೆತ್ತಿತ್ತು. ನೀರು ಮತ್ತು ಆಯಿಲ್ ಬೆರೆತ ಗುರುತು. ಕೂಲಂಟ್ ನೀರು ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಹೀಗೆ ಕಾಣುತ್ತೆ. ಹಾಗಾಗಿ ಕೂಲಂಟ್ ಮಟ್ಟ ನೋಡಿ, ರೇಡಿಯೇಟರ್‌ಗೆ ಪ್ರೆಷರ್ ಕೊಟ್ಟು ಒಂದು ಗಂಟೆ ಬಿಟ್ಟು ನೋಡಿದೆ. ಇಳಿಯಲಿಲ್ಲ. ಇದು 4 ಕಿ.ಮೀ. ಓಡಾಟದ ಗಸಿಯೇ.

ಹಳೇ ಆಯಿಲ್ ತೆಗೆದು, 5ಡಬ್ಲ್ಯೂ-30 ಹಾಕಿ, ಕಂಪನಿ ಫಿಲ್ಟರ್ ಕೂರಿಸಿದೆವು. ಬಿಸಿ ಮಾಡಿ ಮತ್ತೆ ಗೇಜ್ ಹಾಕಿದರೆ ಐಡಲ್‌ನಲ್ಲಿ 1.2 ಬಾರ್, 3,000 ಆರ್‌ಪಿಎಂನಲ್ಲಿ 3 ಬಾರ್ ಹತ್ತಿರ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ) ಇರಬೇಕು ಅನ್ನುವುದು ನಮ್ಮಲ್ಲಿ ಹಳೇ ಲೆಕ್ಕ. 3,000ಕ್ಕೆ 30 ಸಾಕು, 3 ಬಾರ್ ಅಂದರೆ 43 ಪಿಎಸ್‌ಐ ಆಗುತ್ತೆ. ಸರಿಯಾದ ಆಯಿಲ್‌ನಲ್ಲಿ ಬಂದ ಈ ಅಂಕಿಯನ್ನು ನಂಬಬಹುದಿತ್ತು. ಪಂಪ್ ಚೆನ್ನಾಗಿದೆ, ಬೇರಿಂಗ್ ಚೆನ್ನಾಗಿದೆ.

ನಾಲ್ಕನೇ ಬೆಳಿಗ್ಗೆ ದೀಪ ಒಂದೂವರೆ ಸೆಕೆಂಡಿಗೆ ಆರಿತು. ಸದ್ದು ಒಂದು ಸೆಕೆಂಡ್. ಕರ್ ಅಂತ ಒಂದು ಸಲ, ಅಷ್ಟೇ.

ನಾನು ಎಡವಿದ್ದು ಇಲ್ಲಿ

ಐದು ಸೆಕೆಂಡ್ ಒಂದಕ್ಕೆ ಇಳಿದಿತ್ತು. ಎಲ್ಲರಿಗೂ ಖುಷಿ. ಬಿಲ್ 2,900 ರೂಪಾಯಿ. 55,000 ಕೇಳಿದ್ದ ಕಡೆ 2,900 ಅಂದಾಗ ಟೀಚರ್ ಮುಖ ನೋಡಬೇಕಿತ್ತು. ಆ ಖುಷಿಯಲ್ಲಿ ಉಳಿದ ಒಂದು ಸೆಕೆಂಡನ್ನು ನಾನು ಬಿಟ್ಟುಬಿಟ್ಟೆ. "ಸ್ವಲ್ಪ ಇರುತ್ತೆ, ಪರವಾಗಿಲ್ಲ" ಅಂದು ಗಾಡಿ ಕೊಟ್ಟೆ.

ಆಯಿಲ್ ಬೇಗ ತಲುಪಿದ ಮೇಲೂ ಚೈನ್ ಬಡಿಯುತ್ತಿದೆ ಅಂದರೆ, ಚೈನ್ ಅಥವಾ ಟೆನ್ಷನರ್ ಸವೆದಿದೆ ಅಂತಲೇ ಅರ್ಥ. ಅದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ವಾಲ್ವ್ ಕವರ್ ಬಿಚ್ಚಿ ಚೈನ್ ಕೈಯಲ್ಲಿ ಒತ್ತಿ ನೋಡಲು ಒಂದು ಗಂಟೆ ಸಾಕಿತ್ತು. ಕಡಿಮೆ ದುಡ್ಡಿನಲ್ಲಿ ಮುಗಿಯಿತಲ್ಲ ಎಂಬ ಸಮಾಧಾನ ನನ್ನ ಕೈ ಕಟ್ಟಿತು. ಎರಡೂವರೆ ವರ್ಷ ಬದಲಾಗದ ಆಯಿಲ್ ಚೈನ್‌ಗೆ ಏನು ಮಾಡಿರುತ್ತೆ ಎಂದು ಆವತ್ತು ಯೋಚಿಸಬೇಕಿತ್ತು.

ಐದು ವಾರ ಕಳೆಯಿತು. ಜನವರಿ ಕೊನೆಯಲ್ಲಿ ಟೀಚರ್ ಫೋನ್. ಸದ್ದು ಎರಡು ಸೆಕೆಂಡಿಗೆ ಏರಿದೆ, ಜೊತೆಗೆ ಚೆಕ್ ಎಂಜಿನ್ ದೀಪ ಹತ್ತಿದೆ. ದೊಡ್ಡ ಹುಡುಗನಿಗೆ ಸ್ಕ್ಯಾನರ್ ಕೊಟ್ಟು ಬೈಕಿನಲ್ಲಿ ಕಳಿಸಿದೆ. ಅವನು ಕೋಡ್ ಓದಿ ಹೇಳಿದ: ಪಿ0016. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಅನ್ನುವ ಕೋಡ್. ಸೆನ್ಸರ್ ಕೆಟ್ಟರೂ, ವೈರ್ ಕಿತ್ತರೂ ಬರುತ್ತೆ. ಆದರೆ ಬಡಿಯುವ ಚೈನ್ ಇರುವ ಗಾಡಿಯಲ್ಲಿ ಈ ಕೋಡ್ ಬಂದರೆ ಮೊದಲು ಚೈನ್ ಮೇಲೇ ಅನುಮಾನ ಪಡಬೇಕು. ಚೈನ್ ಉದ್ದ ಆದಷ್ಟೂ ಕ್ಯಾಮ್ ಕೆಲವು ಡಿಗ್ರಿ ಹಿಂದೆ ಬೀಳುತ್ತೆ.

ಇಲ್ಲಿ ಒಂದು ನಿರ್ಧಾರ ಬೇಕಿತ್ತು. ಗಾಡಿ ಓಡುತ್ತಿತ್ತು, ಪಿಕಪ್ ಸ್ವಲ್ಪ ಕಡಿಮೆ ಅಷ್ಟೇ. 50 ಕಿ.ಮೀ. ಓಡಿಸಿಕೊಂಡು ಬಂದುಬಿಡುತ್ತೇನೆ ಎಂದರು ಟೀಚರ್. ನಾನು ಬೇಡ ಅಂದೆ. ಈ ಎಂಜಿನ್‌ನಲ್ಲಿ ಚೈನ್ ಹಲ್ಲು ಹಾರಿದರೆ ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಬಡಿಯಬಹುದು. ಆಗ ನಿಜವಾಗಿಯೂ 55,000ದ ಕೆಲಸ. ಟೋಯಿಂಗ್ ಗಾಡಿಗೆ 4,500 ಆಗುತ್ತೆ ಅಂದಾಗ ಅವರಿಗೆ ಬೇಜಾರಾಯಿತು. ಮೊದಲ ಸಲವೇ ನಾನು ನೋಡಬೇಕಿತ್ತು ಅಂತ ಹೇಳಿ, ಅದರಲ್ಲಿ ಅರ್ಧ ನಾನು ಹಾಕಿಕೊಂಡೆ. ಸ್ಟಾರ್ಟ್ ಕೂಡ ಮಾಡಬೇಡಿ, ಟೋಯಿಂಗ್ ಗಾಡಿ ಮೇಲಕ್ಕೆ ತಳ್ಳಿಯೇ ಏರಿಸಿ ಅಂದೆ.

ಚೈನ್ ಹೊರಗೆ ಬಂದ ಮೇಲೆ

ಕವರ್ ಬಿಚ್ಚಿದಾಗ ಮೊದಲು ಕಂಡದ್ದು ಟೆನ್ಷನರ್ ಕಡ್ಡಿ. ಚೈನ್ ಸವೆದ ಹಾಗೆ ಅದು ಒಂದೊಂದೇ ಹಲ್ಲು ಹೊರಗೆ ಬರುತ್ತೆ. ಇದರಲ್ಲಿ ಇನ್ನು ಎರಡೇ ಹಲ್ಲು ಬಾಕಿ. ಗೈಡ್‌ನ ಕಂದು ಪ್ಲಾಸ್ಟಿಕ್ ಮೇಲೆ ಚೈನ್ ಎರಡು ಗೆರೆ ಕೊರೆದಿತ್ತು, ಒಂದು ಅಂಚು ಮುರಿದು ಹೋಗಿತ್ತು.

ಆ ಚೂರು ಎಲ್ಲಿ ಹೋಯಿತು? ಸಂಪ್ ಬಿಚ್ಚಿದೆವು. ಪಂಪ್‌ಗೆ ಆಯಿಲ್ ಹೀರುವ ಜಾಲರಿಯಲ್ಲಿ ಕಂದು ಪ್ಲಾಸ್ಟಿಕ್ ಚೂರುಗಳು, ಸುತ್ತ ರಾಗಿ ಅಂಬಲಿಯಂಥ ಕಪ್ಪು ಗಸಿ. ಜಾಲರಿಯ ಮೂರನೇ ಒಂದು ಭಾಗ ಮುಚ್ಚಿತ್ತು. ಹೊಸ ಆಯಿಲ್ ಹಳೇ ಗಸಿಯನ್ನು ಸಡಿಲ ಮಾಡಿ ಇಲ್ಲಿಗೆ ತಂದಿರಬೇಕು. ಸದ್ದು ಮತ್ತೆ ಎರಡು ಸೆಕೆಂಡಿಗೆ ಏರಲು ಅದೂ ಒಂದು ಕಾರಣ ಅಂತ ನನ್ನ ಅಂದಾಜು. ಸಂಪ್ ಬಿಚ್ಚದೆ ಬರೀ ಚೈನ್ ಬದಲಾಯಿಸಿದ್ದರೆ ಹೊಸ ಟೆನ್ಷನರ್ ಕೂಡ ಆಯಿಲ್‌ಗೆ ಕಾಯುತ್ತಾ ಕೂರಬೇಕಿತ್ತು.

ಹಳೇ ಚೈನ್ ಮತ್ತು ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದೆ. ಹಳೆಯದು ಸುಮಾರು 4 ಮಿಲಿಮೀಟರ್ ಕೆಳಗೆ ಇಳಿದಿತ್ತು. ಚೈನ್ ಎಳೆದುಹೋಗಿದೆ ಅಂತ ನಾವು ಮಾತಿಗೆ ಹೇಳುತ್ತೇವೆ, ಉಕ್ಕು ಎಳೆಯುವುದಿಲ್ಲ. ಪ್ರತಿ ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆಯುತ್ತೆ. ನೂರಕ್ಕೂ ಹೆಚ್ಚು ಕೊಂಡಿಗಳ ಕೂದಲೆಳೆ ಸೇರಿ ಇಷ್ಟು ಆಗುತ್ತೆ. ಹಳೇ ಚೈನ್‌ನ ಒಂದು ತುಂಡನ್ನು ಅಡ್ಡಲಾಗಿ ಹಿಡಿದರೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಹೊಸದು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತಿತ್ತು. ಪಿನ್‌ಗಳನ್ನು ಸವೆಸಿದ್ದು ಕಿಲೋಮೀಟರ್‌ಗಿಂತ ಜಾಸ್ತಿ, ಮಸಿ ತುಂಬಿ ಕೂತಿದ್ದ ಆ ಹಳೇ ಆಯಿಲ್.

ಚೈನ್, ಎರಡೂ ಗೈಡ್, ಟೆನ್ಷನರ್, ಕ್ರ್ಯಾಂಕ್ ಕಡೆಯ ಸಣ್ಣ ಹಲ್ಲುಚಕ್ರ, ಮುಂದಿನ ಆಯಿಲ್ ಸೀಲ್, ಕ್ರ್ಯಾಂಕ್ ಬೋಲ್ಟ್ ಎಲ್ಲ ಹೊಸತು ಹಾಕಿದೆವು. ಇನ್‌ಟೇಕ್ ಕ್ಯಾಮ್ ಮೇಲಿನ ವಿವಿಟಿ ಚಕ್ರದ (ಗಾಳಿ ಒಳಗೆ ಬಿಡುವ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಚಕ್ರ) ಬಗ್ಗೆ ಮಾತ್ರ ಯೋಚಿಸಬೇಕಾಯಿತು. ಅದರೊಳಗಿನ ಲಾಕ್ ಪಿನ್ ಸವೆದರೂ ಬೆಳಿಗ್ಗೆ ಒಂದೆರಡು ಸೆಕೆಂಡ್ ಇದೇ ಥರ ಗಡಗಡ ಅನ್ನುತ್ತೆ, ಎಷ್ಟೋ ಸಲ ಚೈನ್ ಅಂತಲೇ ಮೋಸ ಹೋಗುತ್ತೇವೆ. ಚಕ್ರದ ಬೆಲೆ ಉಳಿದ ಎಲ್ಲ ಸಾಮಾನು ಸೇರಿದಷ್ಟು. ಕ್ಯಾಮ್ ಹಿಡಿದು ಚಕ್ರವನ್ನು ಎರಡೂ ಕಡೆ ತಿರುಗಿಸಿ ನೋಡಿದೆ. ಲಾಕ್ ಆದ ಜಾಗದಲ್ಲಿ ಗಟ್ಟಿಯಾಗಿ ನಿಂತಿತ್ತು, ಒಂದು ಚೂರೂ ಆಟ ಇಲ್ಲ. ಹಳೆಯದನ್ನೇ ಉಳಿಸಿದೆ. ಸದ್ದು ಹೋಗದಿದ್ದರೆ ಅದೊಂದನ್ನು ಬದಲಾಯಿಸಬೇಕಾಗುತ್ತೆ ಎಂದು ಟೀಚರ್‌ಗೆ ಮೊದಲೇ ಹೇಳಿದ್ದೆ.

ಹಲ್ಲುಚಕ್ರಗಳ ಗುರುತುಗಳನ್ನು ಕೂಡಿಸಿ, ಹೊಸ ಟೆನ್ಷನರನ್ನು ತಡೆದಿಟ್ಟಿದ್ದ ಪಿನ್ ಎಳೆದ ಮೇಲೆ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆವು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಗುರುತುಗಳು ಮತ್ತೆ ಎದುರುಬದುರು ಬಂದವು. ಹುಡುಗರಿಂದಲೂ ಒಂದೊಂದು ಸಲ ತಿರುಗಿಸಿದೆ. ಇಲ್ಲಿ ಹಲ್ಲು ತಪ್ಪಿದರೆ ಆಮೇಲೆ ತಿದ್ದಲು ಎಂಜಿನ್ ಉಳಿಯದೇ ಹೋಗಬಹುದು. ಕವರ್ ಮುಚ್ಚಿ, ಆಯಿಲ್ ತುಂಬಿಸಿ, ಮತ್ತೆ ಇಂಜೆಕ್ಟರ್ ಸಾಕೆಟ್ ಬಿಚ್ಚಿ ದೀಪ ಆರುವವರೆಗೆ ಸ್ಟಾರ್ಟರ್‌ನಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿದೆವು.

ಈ ಸಲ ಆತುರಪಡಲಿಲ್ಲ. ಶನಿವಾರ ಕೆಲಸ ಮುಗಿದಿತ್ತು. ಭಾನುವಾರ ಮುಟ್ಟಲಿಲ್ಲ. ಎರಡು ರಾತ್ರಿ ನಿಂತ ಎಂಜಿನನ್ನು ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು. ಅದೇ ಸ್ಕ್ರೂ ಡ್ರೈವರ್, ಅದೇ ಜಾಗ. ದೀಪ ಒಂದು ಸೆಕೆಂಡಿಗೆ ಆರಿತು. ಕಿವಿಗೆ ಬಂದದ್ದು ಚೈನ್ ಸಮನಾಗಿ ಓಡುವ ಸಣ್ಣ ಸರಸರ ಮಾತ್ರ. ಮತ್ತೆ ಮಂಗಳವಾರವೂ ನೋಡಿ ಆಮೇಲೆ ಗಾಡಿ ಕೊಟ್ಟೆ. ಬಿಲ್ 17,000 ಚಿಲ್ಲರೆ ಆಯಿತು.

ನಮ್ಮಲ್ಲಿ ಬದಲಾದದ್ದು

ಈಗ ಬೆಳಗಿನ ಸದ್ದು ಅಂತ ಯಾರೇ ಬಂದರೂ ಗಾಡಿ ಒಂದು ರಾತ್ರಿ ಇಲ್ಲೇ ನಿಲ್ಲಬೇಕು. ಆಗುವುದಿಲ್ಲ ಅಂದರೆ ಅವರ ಮನೆಯಲ್ಲೇ ಫೋನಿನಲ್ಲಿ ಡ್ಯಾಶ್‌ಬೋರ್ಡ್ ಕಾಣುವ ಹಾಗೆ ವಿಡಿಯೋ ಮಾಡಿ ಕಳಿಸಲು ಹೇಳುತ್ತೇವೆ. ಸದ್ದು ಎಷ್ಟು ಸೆಕೆಂಡ್ ಅನ್ನುವುದನ್ನು ಜಾಬ್ ಕಾರ್ಡಿನಲ್ಲೇ ಬರೆಯುತ್ತೇವೆ. ಆ ಅಂಕಿಯಿಂದಲೇ ಅರ್ಧ ದಾರಿ ಗೊತ್ತಾಗುತ್ತೆ. ಕೀ ತಿರುಗಿಸಿ ಹಿಡಿದಾಗ ಮಾತ್ರ ಬಂದರೆ ಸ್ಟಾರ್ಟರ್ ನೋಡು. ಒಂದೆರಡರಿಂದ ಐದಾರು ಸೆಕೆಂಡ್ ಇದ್ದು ದೀಪದ ಜೊತೆ ಹೋದರೆ ಆಯಿಲ್, ಫಿಲ್ಟರ್, ಟೆನ್ಷನರ್, ವಿವಿಟಿ. ಸಣ್ಣಗೆ ಟಿಕ್ ಟಿಕ್ ಅನ್ನುತ್ತಾ ಒಂದೆರಡು ನಿಮಿಷದಲ್ಲಿ ಹೋದರೆ ವಾಲ್ವ್ ಒತ್ತುವ ಟ್ಯಾಪೆಟ್ ಕಡೆ ನೋಡು. ಬಿಸಿಯಾಗುವವರೆಗೆ ಇದ್ದು ನಿಧಾನಕ್ಕೆ ಕರಗಿದರೆ ಪಿಸ್ಟನ್. ಬಿಸಿಯಾದ ಮೇಲೂ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಝಣಝಣ ಅಂದರೆ ತಗಡು. ಬಿಸಿಯಲ್ಲಿ, ಏರಿನಲ್ಲಿ, ದಪ್ಪ ದನಿಯಲ್ಲಿ ಡಬಡಬ ಅಂದರೆ ಆ ಗಾಡಿ ಅಲ್ಲೇ ನಿಲ್ಲಿಸು, ಅದು ಬೇರಿಂಗ್. ಇದನ್ನು ಹುಡುಗರು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ.

ಸದ್ದು ಕಡಿಮೆಯಾಯಿತು ಅಂತ ಈಗ ಗಾಡಿ ಕೊಡುವುದಿಲ್ಲ. ಉಳಿದ ಒಂದು ಸೆಕೆಂಡ್ ಯಾಕೆ ಉಳಿದಿದೆ ಅಂತ ಹೇಳಲು ಆಗಬೇಕು, ಇಲ್ಲವೇ ಇನ್ನೊಂದು ರಾತ್ರಿ ಗಾಡಿ ನಮ್ಮಲ್ಲೇ ಇರುತ್ತೆ. ಸರ್ವೀಸ್ ಚೀಟಿಯಲ್ಲಿ ಕಿಲೋಮೀಟರ್ ಪಕ್ಕ ತಾರೀಖನ್ನೂ ಬರೆಯುತ್ತೇವೆ, ಅದೂ ಕೆಂಪು ಪೆನ್ನಿನಲ್ಲಿ. ಟೀಚರ್ ಥರ ಹತ್ತಿರ ಹತ್ತಿರ ಓಡಾಡುವವರಿಗೆ ಆರು ತಿಂಗಳು.

ಟೀಚರ್ ಈಗ ವಾರಕ್ಕೊಂದು ಸಲ ಸಕಲೇಶಪುರದವರೆಗೆ ಹೋಗಿಬರುತ್ತಾರೆ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಅಂತ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ವಿಡಿಯೋ ಮಾಡಿ ಕಳಿಸುತ್ತಾರೆ. ನಾನು ಕೇಳಿರಲಿಲ್ಲ, ಅವರೇ ಶುರು ಮಾಡಿದ್ದು. 14 ತಿಂಗಳಿಂದ ಒಂದೂ ತಪ್ಪಿಲ್ಲ. ಮೊದಲು ಚಿಕ್ಕ ಹುಡುಗನೇ ನೋಡುತ್ತಾನೆ, ದೀಪ ಆರಿದ ಸೆಕೆಂಡ್ ಎಣಿಸಿ ಟೀಚರ್ ಜಾಬ್ ಕಾರ್ಡಿನ ಹಿಂಭಾಗದಲ್ಲಿ ಬರೆದು ಫೈಲಿಗೆ ಸೇರಿಸುತ್ತಾನೆ. ಕೊನೆಯದರಲ್ಲಿ ಮೊದಲು ಎಲ್ಲೋ ದೂರದಲ್ಲಿ ಒಂದು ಕೋಳಿ ಕೂಗುತ್ತೆ, ಆಮೇಲೆ ಕೀ ತಿರುಗಿದ ಸದ್ದು, ಆಮೇಲೆ ಎಂಜಿನ್. ಅವನು ಬರೆದ ಅಂಕಿ, 1.